ಮೇಷ್ಟ್ರ ಹಳೇ ಲ್ಯಾಪ್‌ಟಾಪ್: ವಿಂಡೋಸ್ 10 ಇಟ್ಟುಕೊಳ್ಳೋದಾ, ಬಿಡೋದಾ?

ಇದು ಒಬ್ಬ ನಿವೃತ್ತ ಮೇಷ್ಟ್ರ ಲ್ಯಾಪ್‌ಟಾಪಿನ ಕತೆ. ಅವರನ್ನು ಕೇಳಿ, ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರಿನ ಹೆಸರು, ಶಾಲೆಯ ಹೆಸರು ಬಿಟ್ಟಿದ್ದೇನೆ. ಗುರುತು ಸಿಗುವಂಥ ಒಂದೆರಡು ಸಂಗತಿ ಬದಲಿಸಿದ್ದೇನೆ. ಲ್ಯಾಪ್‌ಟಾಪಿಗೆ ಏನಾಯಿತು, ನಾವು ಏನು ಮಾಡಿದೆವು, ಎಲ್ಲಿ ಎಡವಿದೆವು ಅನ್ನುವುದರಲ್ಲಿ ಮಾತ್ರ ಏನೂ ಬದಲಿಸಿಲ್ಲ.

ನಾನು ಮಲೆನಾಡಿನ ಒಂದು ತಾಲ್ಲೂಕು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಕಳೆದ ವರ್ಷ, ಅಂದರೆ 2025ರ ಸೆಪ್ಟೆಂಬರಿನಿಂದ, ಅಂಗಡಿಗೆ ಬಂದವರೆಲ್ಲ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಕೇಳುತ್ತಿದ್ದರು. ವಿಂಡೋಸ್ 10 ನಿಂತು ಹೋಗುತ್ತಂತೆ, ಈಗ ಏನು ಮಾಡೋದು? ಬೇರೆಯವರ ಕೇಸುಗಳು ಅರ್ಧ ಗಂಟೆಯಲ್ಲಿ ಮುಗಿದವು. ಮೇಷ್ಟ್ರದ್ದು ನಾಲ್ಕು ತಿಂಗಳು ಹಿಡಿಯಿತು. ನನಗೆ ಜಾಸ್ತಿ ಕಲಿಸಿದ್ದೂ ಅದೇ.

ಹಿನ್ನೆಲೆ

ಮೇಷ್ಟ್ರಿಗೆ ಅರವತ್ತೆಂಟು ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ನಿವೃತ್ತಿಗೆ ಒಂದು ವರ್ಷ ಮುಂಚೆ, 2016ರಲ್ಲಿ, ಈ ಲ್ಯಾಪ್‌ಟಾಪ್ ತಗೊಂಡಿದ್ದರು. ಇಂಟೆಲ್ ಐ3, ಐದನೇ ತಲೆಮಾರಿನ ಪ್ರೊಸೆಸರ್. 4 ಜಿಬಿ ರ್‍ಯಾಮ್. ತಿರುಗುವ ತಟ್ಟೆ ಇರುವ ಹಳೇ ನಮೂನೆಯ 1 ಟಿಬಿ ಹಾರ್ಡ್ ಡಿಸ್ಕ್. ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು, ಅಡಾಪ್ಟರ್ ಕಿತ್ತರೆ ಆ ಕ್ಷಣವೇ ಆಫ್. ಸ್ವಿಚ್ ಒತ್ತಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೆ ಆಗ ಪರದೆ ಬಂದಿರುತ್ತಿತ್ತು.

ಅದರಲ್ಲಿ ಅವರು ಮಾಡುತ್ತಿದ್ದದ್ದು ಮೂರೇ ಕೆಲಸ. ಪಿಂಚಣಿ ಬರುವ ಖಾತೆಯನ್ನು ನೆಟ್ ಬ್ಯಾಂಕಿಂಗಿನಲ್ಲಿ ನೋಡುವುದು. ಹೊರದೇಶದಲ್ಲಿರುವ ಮಗಳ ಜೊತೆ ಭಾನುವಾರ ವಿಡಿಯೋ ಕಾಲ್. ಮೂರನೆಯದು ನುಡಿ ಅನ್ನುವ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದು. ಸಹಕಾರ ಸಂಘದ ವಾರ್ಷಿಕ ವರದಿ, ಅಕ್ಕಪಕ್ಕದವರ ಮದುವೆ ಕರೆಯೋಲೆ, ದೇವಸ್ಥಾನದ ಜೀರ್ಣೋದ್ಧಾರದ ಮನವಿ, ಹೀಗೆ ಊರಿನವರು ತಂದುಕೊಟ್ಟದ್ದನ್ನೆಲ್ಲ ದುಡ್ಡು ತಗೊಳ್ಳದೆ ಮಾಡಿಕೊಡುತ್ತಾರೆ. ಶಾಲೆಯ ಕಂಪ್ಯೂಟರಿನಲ್ಲಿ 2004ರಲ್ಲಿ ಶುರುಮಾಡಿದ ಕಡತಗಳು ಫ್ಲಾಪಿ, ಸೀಡಿ, ಪೆನ್ ಡ್ರೈವ್ ದಾಟಿಕೊಂಡು ಈ ಲ್ಯಾಪ್‌ಟಾಪಿನ ಡಿ ಡ್ರೈವಿಗೆ ಬಂದು ಕೂತಿದ್ದವು.

ಅವುಗಳಲ್ಲಿ ಒಂದು ಫೋಲ್ಡರಿನ ಹೆಸರು 'ಅಮ್ಮನ ಹಾಡು'. ಅವರ ತಾಯಿ ಹೇಳುತ್ತಿದ್ದ ಬೀಸುವ ಹಾಡು, ಹಸೆ ಹಾಡು, ಸೋಬಾನೆ. ತಾಯಿ ಒಂದೊಂದೇ ಸಾಲು ಹೇಳಿದಂತೆ 2006ರಲ್ಲಿ ಟೈಪ್ ಮಾಡಿಟ್ಟದ್ದು. ಮೂವತ್ತೊಂದು ಕಡತ. ತಾಯಿ ಈಗಿಲ್ಲ. ಈ ಫೋಲ್ಡರಿನ ವಿಷಯ ನನಗೆ ಮೊದಲ ದಿನ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ಮುಂದೆ ಆದ ಕಷ್ಟಕ್ಕೆಲ್ಲ ಅದೇ ಮೂಲ.

ಗಾಬರಿ ಶುರುವಾದದ್ದು

ವಾಟ್ಸಾಪಿನಲ್ಲಿ ಯಾರೋ ಕಳಿಸಿದ್ದರು: 'ಅಕ್ಟೋಬರ್ 14ಕ್ಕೆ ಹಳೇ ಕಂಪ್ಯೂಟರ್‌ಗಳೆಲ್ಲ ಬಂದ್'. ಮೇಷ್ಟ್ರು ಗಾಬರಿಯಾಗಿ ಮೂರು ಜನರನ್ನು ಕೇಳಿದ್ದರು. ಜಿಲ್ಲಾ ಕೇಂದ್ರದ ಒಂದು ಅಂಗಡಿಯವರು, ಇದನ್ನು ಎಸೆದು ಹೊಸದು ತಗೊಳ್ಳಿ, ನಲವತ್ತೈದು ಸಾವಿರ ಅಂದರು. ಪಕ್ಕದ ಮನೆಯ ಇಂಜಿನಿಯರಿಂಗ್ ಓದುವ ಹುಡುಗ, ಯಂತ್ರ ಹೊಂದುತ್ತದಾ ಅಂತ ನೋಡುವ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿಕೊಡ್ತೀನಿ ಅಜ್ಜಾ, ನನ್ನದಕ್ಕೂ ಹಾಗೇ ಹಾಕಿದ್ದೀನಿ ಅಂದ. ಮಗಳು ಫೋನಿನಲ್ಲಿ, ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿಸಿ ಅಪ್ಪಾ, ನಾನು ಹತ್ತು ವರ್ಷದಿಂದ ಅದನ್ನೇ ಬಳಸ್ತಿದ್ದೀನಿ ಅಂದಳು. ಮೂರೂ ಒಳ್ಳೇ ಮನಸ್ಸಿನಿಂದ ಕೊಟ್ಟ ಸಲಹೆಗಳೇ. ಆದರೆ ಮೂವರೂ ತಮ್ಮ ತಮ್ಮ ಅನುಭವದಿಂದ ಹೇಳಿದ್ದರು. ಮೇಷ್ಟ್ರು ಅದರಲ್ಲಿ ಏನು ಮಾಡುತ್ತಾರೆ ಅಂತ ಯಾರೂ ಕೇಳಿರಲಿಲ್ಲ. ಆ ದಿನ ನಾನೂ ಕೇಳಲಿಲ್ಲ.

ಮೊದಲು ಅವರಿಗೆ ತಾರೀಖಿನ ಅರ್ಥ ಹೇಳಿದೆ. ವಿಂಡೋಸ್ 10 ಬಂದದ್ದು 2015ರ ಜುಲೈ 29ಕ್ಕೆ. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ ಮುಗಿಯುವುದು 2025ರ ಅಕ್ಟೋಬರ್ 14ಕ್ಕೆ. ಅವತ್ತು ಲ್ಯಾಪ್‌ಟಾಪ್ ನಿಂತು ಹೋಗುವುದಿಲ್ಲ. ಕಳ್ಳರು ನುಗ್ಗುವ ಹೊಸ ಕಿಂಡಿ ಪತ್ತೆಯಾದರೆ ಅದನ್ನು ಮುಚ್ಚುವ ಕೆಲಸ ನಿಲ್ಲುತ್ತದೆ, ಅಷ್ಟೇ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಾರಲ್ಲ, ಹಾಗೆ ಅಂದುಕೊಳ್ಳಿ ಅಂದೆ. ಇನ್ನು ಮೇಲೆ ಹಂಚು ಕೈಯಾಡಿಸುವವನು ಬರುವುದಿಲ್ಲ. ಮನೆ ಬಿದ್ದುಹೋಗುವುದಿಲ್ಲ, ಆದರೆ ಎಲ್ಲಿ ಸೋರಲು ಶುರುವಾಗಿದೆ ಅನ್ನುವುದು ಸೋರಿದ ಮೇಲೇ ಗೊತ್ತಾಗುವುದು. ಬರೀ ಪತ್ರ ಟೈಪ್ ಮಾಡುವ ಯಂತ್ರವಾದರೆ ನಡೆಯುತ್ತದೆ. ಪಿಂಚಣಿ ಖಾತೆ ತೆರೆಯುವ ಯಂತ್ರಕ್ಕೆ ಅದು ಸರಿಯಲ್ಲ.

ವಿಂಡೋಸ್ 11 ಅಧಿಕೃತವಾಗಿ ಆಗುವುದಿಲ್ಲ ಅನ್ನುವುದು ಎರಡು ನಿಮಿಷದಲ್ಲಿ ಗೊತ್ತಾಯಿತು. ಅದಕ್ಕೆ ಇಂಟೆಲ್ ಆದರೆ ಒಂದೆರಡು ಅಪವಾದ ಬಿಟ್ಟು ಎಂಟನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆಗಳೂ ಬೇಕು. ಇದು ಐದನೇ ತಲೆಮಾರು.

ಉಳಿದ ಒಂದು ದಾರಿ ಅಂದರೆ ಮೈಕ್ರೋಸಾಫ್ಟ್ ಮನೆ ಬಳಕೆದಾರರಿಗೆ ಕೊಟ್ಟ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್, ಇಎಸ್‌ಯು ಅನ್ನುತ್ತಾರೆ. ಅದು 2026ರ ಅಕ್ಟೋಬರ್ 13ರವರೆಗೆ. ಮೂವತ್ತು ಡಾಲರ್ ಕೊಟ್ಟೂ ತಗೋಬಹುದು, ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆಯೂ ಸಿಗುತ್ತದೆ. ಆದರೆ ಅದಕ್ಕೆ ಒಂದು ಷರತ್ತು: ವಿಂಡೋಸ್ 10ರ ಕೊನೆಯ ಆವೃತ್ತಿ, 22ಎಚ್2, ಇರಬೇಕು. ಮೇಷ್ಟ್ರದ್ದು ಯಾವುದು ಅಂತ ನೋಡಿದೆ. 20ಎಚ್2!

ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮನೆ ಬಳಕೆಯ 20ಎಚ್2ಗೆ ಬೆಂಬಲ ಮುಗಿದದ್ದು 2022ರ ಮೇ 10ಕ್ಕೆ. ಅಂದರೆ ಎಲ್ಲರೂ ಹೆದರುತ್ತಿದ್ದ ಆ ಅಕ್ಟೋಬರ್ 14 ಮೇಷ್ಟ್ರ ಲ್ಯಾಪ್‌ಟಾಪಿಗೆ ಮೂರು ವರ್ಷದ ಹಿಂದೆಯೇ ಬಂದು ಹೋಗಿತ್ತು. ಮೂರು ವರ್ಷದಿಂದ ಒಂದೂ ಕಿಂಡಿ ಮುಚ್ಚದ ಯಂತ್ರದಲ್ಲಿ ಅವರು ಪಿಂಚಣಿ ನೋಡುತ್ತಿದ್ದರು. ಅಪ್‌ಡೇಟ್ ಪ್ರತಿ ಸಲ ಅರ್ಧಕ್ಕೆ ನಿಂತು ವಾಪಸ್ ಹೋಗುತ್ತಿತ್ತಂತೆ. ಯಾರೋ ಬಂದು ಅಪ್‌ಡೇಟನ್ನೇ ನಿಲ್ಲಿಸಿಕೊಟ್ಟು ಹೋಗಿದ್ದರು. 'ಆಮೇಲೆ ಕಿರಿಕಿರಿ ಇರಲಿಲ್ಲಪ್ಪ' ಅಂದರು ಮೇಷ್ಟ್ರು.

ನನ್ನ ತಪ್ಪು

ಅಪ್‌ಡೇಟ್ ಯಾಕೆ ಅರ್ಧಕ್ಕೆ ನಿಲ್ಲುತ್ತಿತ್ತು ಅನ್ನುವ ಪ್ರಶ್ನೆ ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಅಪ್‌ಡೇಟ್ ಅಸಿಸ್ಟೆಂಟ್ ಇಳಿಸಿ, 22ಎಚ್2ಗೆ ಹಾಕಿ, ಅವರ ಮನೆಯಲ್ಲೇ ರಾತ್ರಿ ಓಡಲಿ ಅಂತ ಬಿಟ್ಟು ಬಂದೆ. ಸೆಪ್ಟೆಂಬರ್ ತಿಂಗಳು. ಮಳೆ. ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್, 61 ಪರ್ಸೆಂಟಿನಲ್ಲಿ ಇದ್ದದ್ದು, ದೀಪ ಆರಿದ ಹಾಗೆ ಆರಿತು.

ಬೆಳಿಗ್ಗೆ ಆನ್ ಮಾಡಿದರೆ ಮಾಡಿದ್ದನ್ನೆಲ್ಲ ವಾಪಸ್ ತೆಗೆಯುತ್ತಿದ್ದೇನೆ ಅನ್ನುವ ಪರದೆ. ಮೂರು ಗಂಟೆ ಹಾಗೇ ಇತ್ತು. ಕೊನೆಗೆ ಹಳೇ ಪರದೆ ಬಂತು, ಆದರೆ ಒಂದು ಫೋಲ್ಡರ್ ತೆರೆಯಲು ಒಂದು ನಿಮಿಷ. ನಾನು ಹೋಗಿ ಕೀಬೋರ್ಡಿನ ಎಡಗಡೆ, ಅಂಗೈ ಇಡುವ ಜಾಗಕ್ಕೆ ಕಿವಿ ಇಟ್ಟೆ. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್, ಟಕ್. ರಿಪೇರಿ ಮಾಡುವವರಿಗೆ ಈ ಸದ್ದು ಗೊತ್ತಿರುತ್ತದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದೆ. ಹಳದಿ ಬಣ್ಣ, 'ಎಚ್ಚರ' ಅನ್ನುವ ಗುರುತು. ಕೆಟ್ಟುಹೋಗಿ ಬೇರೆ ಜಾಗಕ್ಕೆ ಬದಲಿಸಿದ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು) ಇದ್ದವು, ಓದಲು ಆಗದೆ ಬಾಕಿ ಉಳಿದ ಸೆಕ್ಟರ್‌ಗಳೂ ಇದ್ದವು. ಅಪ್‌ಡೇಟ್‌ಗಳು ಅರ್ಧಕ್ಕೆ ನಿಲ್ಲುತ್ತಿದ್ದದ್ದು ಬಹುಶಃ ಇದಕ್ಕೇ. ಸಾಯುತ್ತಿರುವ ಡಿಸ್ಕಿನ ಮೇಲೆ ನಾನು ರಾತ್ರಿಯಿಡೀ ಬರೆಯುವ ಓದುವ ಕೆಲಸ ಹೇರಿ ಬಂದಿದ್ದೆ.

ಮೇಷ್ಟ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ವಿಂಡೋಸ್ 10 ಬೇಕಾ 11 ಬೇಕಾ ಅಂತ ವಿವರಿಸಲು ಹೊರಟೆ. ಅವರು ತಡೆದರು.

'ಅದೆಲ್ಲ ಆಮೇಲೆ ಮಾರಾಯ. ಅಮ್ಮನ ಹಾಡು ಎಲ್ಲಿದೆ ನೋಡು.'

ಆಗಲೇ ನನಗೆ ಆ ಫೋಲ್ಡರಿನ ವಿಷಯ ಗೊತ್ತಾದದ್ದು. ಬೇರೆ ಪ್ರತಿ ಇದೆಯಾ ಅಂದರೆ, 2011ರ ಒಂದು ಪೆನ್ ಡ್ರೈವ್ ಇದೆ, ಅದರಲ್ಲಿ ಅರ್ಧ ಇರಬಹುದು ಅಂದರು.

ಕಡತ ಉಳಿಸಿದ್ದು

ಲ್ಯಾಪ್‌ಟಾಪನ್ನು ಆ ಕ್ಷಣವೇ ಆಫ್ ಮಾಡಿ ಅಂಗಡಿಗೆ ತಂದೆ. ಯುಪಿಎಸ್‌ಗೆ ಹಾಕಿದೆ. ವಿಂಡೋಸ್ ಒಳಗಿಂದ ಕಾಪಿ ಮಾಡಲು ಹೋಗಲಿಲ್ಲ. ವಿಂಡೋಸ್ ಸುಮ್ನೆ ಆನ್ ಆಗಿದ್ದರೂ ಆ ಡಿಸ್ಕನ್ನು ಕೆದಕುತ್ತಲೇ ಇರುತ್ತದೆ. ಲಿನಕ್ಸ್ ಮಿಂಟ್ (ಲಿನಕ್ಸಿನ ಒಂದು ಬಗೆ) ಇರುವ ಪೆನ್ ಡ್ರೈವಿನಿಂದ ಯಂತ್ರ ಎಬ್ಬಿಸಿ, ಡಿಡಿರೆಸ್ಕ್ಯೂ ಅನ್ನುವ ಸಾಧನದಿಂದ ಇಡೀ ಡಿಸ್ಕಿನ ನಕಲನ್ನು ಹೊರಗಿನ 2 ಟಿಬಿ ಡಿಸ್ಕಿಗೆ ತೆಗೆಯಲು ಶುರುಮಾಡಿದೆ. ಇದರ ಒಳ್ಳೇ ಗುಣ ಅಂದರೆ ಅದು ಕೆಟ್ಟ ಜಾಗದ ಮುಂದೆ ಹಟ ಹಿಡಿದು ಕೂರುವುದಿಲ್ಲ. ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ಆಮೇಲೆ ವಾಪಸ್ ಬಂದು ಕೆಟ್ಟ ಜಾಗಗಳನ್ನು ಒಂದೊಂದಾಗಿ ಕೆರೆಯುತ್ತದೆ. ಎಲ್ಲಿವರೆಗೆ ಬಂದೆ ಅನ್ನುವುದನ್ನು ಒಂದು ಕಡತದಲ್ಲಿ ಬರೆದಿಡುತ್ತದೆ, ಹಾಗಾಗಿ ಮಧ್ಯೆ ಕರೆಂಟು ಹೋದರೂ ಬಿಟ್ಟ ಕಡೆಯಿಂದ ಮುಂದುವರಿಸಬಹುದು. ನಮ್ಮ ಊರಿಗೆ ಇದು ದೊಡ್ಡ ವಿಷಯ.

ಎರಡು ರಾತ್ರಿ ಒಂದು ಹಗಲು ಹಿಡಿಯಿತು. ಡಿ ಡ್ರೈವಿನಲ್ಲಿ ನಾಲ್ಕು ಕಡತ ಬಿಟ್ಟು ಎಲ್ಲ ಸಿಕ್ಕಿತು. ಆ ನಾಲ್ಕರಲ್ಲಿ ಒಂದು ಹಸೆ ಹಾಡಿನ ಕಡತ. ಅದರ ಹಳೇ ಕರಡು ಆ 2011ರ ಪೆನ್ ಡ್ರೈವಿನಲ್ಲಿತ್ತು, ಕೊನೆಯ ಹನ್ನೊಂದು ಸಾಲು ಇರಲಿಲ್ಲ. ಮೇಷ್ಟ್ರ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು, 'ಅತ್ತೆ ಅದನ್ನ ನನ್ನ ಕೈಲಿ ನೂರು ಸಲ ಹೇಳ್ಸಿದಾರೆ' ಅಂತ ಒಂಬತ್ತು ಸಾಲು ಹೇಳಿದರು. ಎರಡು ಸಾಲು ಇನ್ನೂ ಸಿಕ್ಕಿಲ್ಲ.

ಈ ಎರಡು ಸಾಲು ನನ್ನ ಅವಸರದಿಂದ ಹೋದವಾ, ಮುಂಚೆಯೇ ಹೋಗಿದ್ದವಾ ಅಂತ ಹೇಳಲು ಆಗುವುದಿಲ್ಲ. ಆದರೂ ಅದು ನನ್ನ ಮನಸ್ಸಿನಲ್ಲಿ ಕೂತಿದೆ.

ನಾಲ್ಕು ದಾರಿ

ಡಿಸ್ಕ್ ಹೋಗಿದೆ ಅಂದ ಮೇಲೆ ಲೆಕ್ಕವೇ ಬದಲಾಯಿತು. ಹೇಗಿದ್ದರೂ ಹೊಸ ಡಿಸ್ಕ್ ಹಾಕಬೇಕು, ಹೇಗಿದ್ದರೂ ಹೊಸದಾಗಿ ಏನನ್ನಾದರೂ ಇನ್‌ಸ್ಟಾಲ್ ಮಾಡಲೇಬೇಕು. ತಿರುಗುವ ತಟ್ಟೆ ಇಲ್ಲದ ಹೊಸ ನಮೂನೆಯ ಡಿಸ್ಕ್, 256 ಜಿಬಿ ಎಸ್‌ಎಸ್‌ಡಿ, 1,900 ರೂಪಾಯಿ, 4 ಜಿಬಿ ಡಿಡಿಆರ್3ಎಲ್ ರ್‍ಯಾಮ್ ಒಂದು 800, ಬ್ಯಾಟರಿ 1,800. ಒಟ್ಟು 4,500. ಇದು ಆಗ ನಮ್ಮ ಕಡೆ ನಾನು ತರಿಸಿದ ಬೆಲೆ.

ಹೊಸ ಲ್ಯಾಪ್‌ಟಾಪ್ ತಗೊಳ್ಳುವುದು ತಪ್ಪೇನೂ ಆಗುತ್ತಿರಲಿಲ್ಲ. ಆದರೆ ಮೇಷ್ಟ್ರ ಮೂರು ಕೆಲಸಕ್ಕೆ ಆ ಪ್ರೊಸೆಸರ್ ಸಾಕು. ನಿಧಾನ ಇದ್ದದ್ದು ಡಿಸ್ಕಿನಿಂದ. ನಲವತ್ತೈದು ಸಾವಿರ ಅವರ ಪಿಂಚಣಿಗೆ ಸಣ್ಣ ಮೊತ್ತವೂ ಅಲ್ಲ.

ಹುಡುಗ ಹೇಳಿದ ದಾರಿ ಸುಳ್ಳಲ್ಲ. ಎಸ್‌ಎಸ್‌ಡಿ ಬಂದ ದಿನ ಅವನನ್ನೇ ಅಂಗಡಿಗೆ ಕರೆದು ಹಾಕಿಸಿ ನೋಡಿದೆವು. ವಿಂಡೋಸ್ 11 ಏರಿತು, 8 ಜಿಬಿ ರ್‍ಯಾಮಿನಲ್ಲಿ ಪರವಾಗಿಲ್ಲ ಅನ್ನುವಂತೆ ಓಡಿತು. ಆದರೆ ಹೀಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನುವ ಭರವಸೆ ಮೈಕ್ರೋಸಾಫ್ಟ್ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಮತ್ತೆ ಕೈಯಲ್ಲೇ ಇದೇ ದಾರಿಯಲ್ಲಿ ಹಾಕಬೇಕು. ಯಾರು ಹಾಕುತ್ತಾರೆ? ಹುಡುಗನಿಗೆ ಮುಂದಿನ ವರ್ಷ ಓದು ಮುಗಿದು ಬೆಂಗಳೂರಿಗೆ ಹೋಗುವುದಿದೆ. ಮೂರು ವರ್ಷ ಅಪ್‌ಡೇಟ್ ನಿಂತದ್ದೇ ಗೊತ್ತಾಗದ ಮನೆಯಲ್ಲಿ, ನಿಂತರೆ ಗೊತ್ತಾಗದ ಇನ್ನೊಂದು ವ್ಯವಸ್ಥೆ ಇಡುವುದು ನನಗೆ ಸರಿ ಕಾಣಲಿಲ್ಲ. ಅದನ್ನು ಅವನಿಗೆ ಹೇಳಿದೆ. ಅವನೂ ಒಪ್ಪಿದ.

ಮನಸ್ಸು ಎಳೆಯುತ್ತಿದ್ದದ್ದು ಲಿನಕ್ಸ್ ಮಿಂಟಿನ ಕಡೆಗೆ. ನಾನೂ ಅದನ್ನೇ ಬಳಸುವವನು. ಮಿಂಟ್ 22ರ ಸರಣಿ ಉಬುಂಟು ಅನ್ನುವ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಇದೆ. ದುಡ್ಡಿಲ್ಲ, ಖಾತೆ ಬೇಡ. ಎಕ್ಸ್‌ಎಫ್‌ಸಿಇ ಆವೃತ್ತಿ ಹಳೇ ಯಂತ್ರಕ್ಕೆ ಹಗುರ. ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿನಿಂದಲೇ ಎರಡು ಸಂಜೆ ಮೇಷ್ಟ್ರನ್ನು ಕೂರಿಸಿ ನೋಡಿದೆ. ವೈಫೈ ಬಂತು. ಬ್ಯಾಂಕಿನ ಪುಟ ತೆರೆಯಿತು. ಮಗಳ ಜೊತೆ ವಿಡಿಯೋ ಕಾಲ್ ಆಯಿತು. ಆಮೇಲೆ ಅವರು ಒಂದು ಹಳೇ ಕಡತ ತೆರೆದರು.

ನುಡಿಯ ಹಳೇ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದವರಿಗೆ ಇದು ಗೊತ್ತು. 'ಕನ್ನಡ' ಅನ್ನುವ ಪದ ಇದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ, ಬೀಟಾದಂಥ ಒಂದು ಅಕ್ಷರ, ಕ್ಯೂ, ಮತ್ತೊಂದು ಗೀಟಿನ ಎ. ಪುಟದ ತುಂಬ ಹಾಗೇ. ಮೇಷ್ಟ್ರ ಮುಖ ಇಳಿಯಿತು. ಹಾಡು ಹೋಯಿತು ಅಂದುಕೊಂಡರು. ಹೋಗಿಲ್ಲ ಸಾರ್, ಯಂತ್ರಕ್ಕೆ ಇದು ಕನ್ನಡ ಅಂತ ಗೊತ್ತೇ ಇಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿ ತೋರಿಸುತ್ತಿದ್ದದ್ದು ಆ ಫಾಂಟ್ ಅಂತ ಹೇಳಿ, ನುಡಿಯ ಫಾಂಟ್ ಕಡತಗಳನ್ನು ಅದರೊಳಗೆ ಹಾಕಿದೆ. ಪುಟ ಮತ್ತೆ ಕನ್ನಡವಾಯಿತು. ಅವರು ಅದನ್ನು ಪೂರ್ತಿ ಓದಿದ ಮೇಲೇ ತಲೆ ಎತ್ತಿದ್ದು.

ಓದಲು ಬಂತು. ಟೈಪ್ ಮಾಡಲು ಬರಲಿಲ್ಲ. ನುಡಿ ತಂತ್ರಾಂಶ ವಿಂಡೋಸಿನದು. ಮಿಂಟಿನಲ್ಲಿ ನಾನು ಕನ್ನಡ ಕೀಬೋರ್ಡ್ ಸೇರಿಸಿಕೊಟ್ಟೆ. ಪ ಬೇಕು ಅಂತ ಮೇಷ್ಟ್ರು ಪಿ ಒತ್ತಿದರೆ ಜ ಬಂತು. ಇಪ್ಪತ್ತು ವರ್ಷದಿಂದ ಕಣ್ಣು ಮುಚ್ಚಿ ಓಡುತ್ತಿದ್ದ ಬೆರಳುಗಳು ಒಂದೊಂದೇ ಕೀಲಿ ಹುಡುಕತೊಡಗಿದವು. ಹತ್ತು ನಿಮಿಷ ಪ್ರಯತ್ನಪಟ್ಟು, 'ಇದು ನನಗೆ ಈ ವಯಸ್ಸಿಗಲ್ಲಪ್ಪ' ಅಂದರು. ಪ್ರಿಂಟರ್ ಕೂಡ ಕೈಕೊಟ್ಟಿತು. ಊರೂರಿನ ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವಂಥ ಒಂದು ಹಳೇ ಲೇಸರ್ ಪ್ರಿಂಟರ್, ವಿಂಡೋಸಿನಲ್ಲಿ ಗಟ್ಟಿಮುಟ್ಟು. ಇಲ್ಲಿ ಎರಡನೇ ಸಂಜೆಯಿಡೀ ಅದರ ಡ್ರೈವರಿಗೆ ಹೋಯಿತು, ಒಂದು ಹಾಳೆ ಬರಲಿಲ್ಲ. ಕರೆಯೋಲೆಯ ಪ್ರೂಫ್ ತೆಗೆಯದಿದ್ದರೆ ಅವರ ಮೂರನೇ ಕೆಲಸವೇ ಇಲ್ಲ.

ಹಾಗಾಗಿ ನಾಲ್ಕನೇ ದಾರಿ. ಹೊಸ ಎಸ್‌ಎಸ್‌ಡಿಯಲ್ಲಿ ವಿಂಡೋಸ್ 10ನ್ನೇ ಹೊಸದಾಗಿ, ನೇರ 22ಎಚ್2, ಇಎಸ್‌ಯುಗೆ ಸೇರಿಸಿ 2026ರ ಅಕ್ಟೋಬರ್ 13ರವರೆಗೆ ಕಾಲ ಪಡೆಯುವುದು. ಆ ಒಂದು ವರ್ಷದಲ್ಲಿ ಕಡತಗಳನ್ನೆಲ್ಲ ಯೂನಿಕೋಡಿಗೆ, ಅಂದರೆ ಯಾವ ಯಂತ್ರಕ್ಕೂ ಇದು ಕನ್ನಡ ಅಂತ ಗೊತ್ತಾಗುವ ಅಕ್ಷರ ಪದ್ಧತಿಗೆ, ಬದಲಿಸುವುದು. ಬದಲಿಸಿದ ಮೇಲೆ ಯಾವ ವ್ಯವಸ್ಥೆಗೆ ಹೋದರೂ ಚಿಂತೆಯಿಲ್ಲ. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಡೋಣ ಅಂತ ಮಗಳು ಹೇಳಿದಳು. ಬೇಡ ಅಂದೆ. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುವ ಪರದೆ ನಮಗೆ ಸಲೀಸು. ಅವರಿಗೆ ಅದು ದಿನಾ ಒಂದು ಪರೀಕ್ಷೆ.

ಆಮೇಲೆ

ಹಾಕಿದ ದಿನ ಸ್ವಿಚ್ ಒತ್ತಿ ಮೇಷ್ಟ್ರು ಅಭ್ಯಾಸದಿಂದ ಎದ್ದು ಒಳಗೆ ಹೊರಟರು. ಬಾಗಿಲು ದಾಟುವ ಮುಂಚೆ ಪರದೆ ಬಂದಿತ್ತು. ವಾಪಸ್ ಬಂದು ಕೂತರು.

ಇಎಸ್‌ಯು ಸೇರಿಸಲು ಒಂದು ಸಂಜೆ ಬೇಕಾಯಿತು. ಅವರದ್ದು ಮೈಕ್ರೋಸಾಫ್ಟ್ ಖಾತೆ ಇರಲಿಲ್ಲ, ಹೊಸದು ಮಾಡಿದೆವು. ಆ ಖಾತೆಯಿಂದಲೇ, ಅಡ್ಮಿನ್ ಆಗಿ ಒಳಗೆ ಹೋಗಿ, ವಿಂಡೋಸ್ ಅಪ್‌ಡೇಟಿನ ಪುಟದಲ್ಲಿ ನೋಂದಾಯಿಸಬೇಕು. ಪಾಸ್‌ವರ್ಡನ್ನು ಅವರು ಪಿಂಚಣಿ ಪುಸ್ತಕದ ಜೊತೆ ಇಡುವ ನೋಟ್‌ಬುಕ್ಕಿನಲ್ಲಿ ಬರೆಸಿದೆ. ಹೀಗೆ ಬರೆದಿಡಬಾರದು ಅನ್ನುವವರಿದ್ದಾರೆ. ಬೀರುವಿನಲ್ಲಿ ಬೀಗ ಹಾಕಿದ ನೋಟ್‌ಬುಕ್ಕಿಗಿಂತ ಮರೆತುಹೋದ ಪಾಸ್‌ವರ್ಡಿನಿಂದ ಆದ ತೊಂದರೆಯನ್ನೇ ನಾನು ಜಾಸ್ತಿ ನೋಡಿದ್ದೇನೆ.

ಕಡತ ಬದಲಿಸುವ ಕೆಲಸಕ್ಕೆ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ತಾಳ್ಮೆ ಬೇಕಾಯಿತು. ಹಳೇ ನುಡಿಯಿಂದ ಯೂನಿಕೋಡಿಗೆ ಬದಲಿಸುವ ಸಾಧನಗಳಿವೆ, ಒಂದು ಪುಟ ಕ್ಷಣದಲ್ಲಿ ಆಗುತ್ತದೆ. ಆದರೆ ನಾವು ಬಳಸಿದ ಸಾಧನಕ್ಕೆ ಕಡತದೊಳಗಿನ ನಿಜವಾದ ಇಂಗ್ಲಿಷ್ ಯಾವುದು, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಯಾವುದು ಅಂತ ಗೊತ್ತಾಗುವುದಿಲ್ಲ. ಸಂಘದ ವರದಿಯಲ್ಲಿ ಇಂಗ್ಲಿಷಿನಲ್ಲಿದ್ದ ಬ್ಯಾಂಕಿನ ಹೆಸರೆಲ್ಲ ಅರ್ಥವಿಲ್ಲದ ಕನ್ನಡವಾಗಿ ಬಂತು. ಅರ್ಕಾವತ್ತು ಕೆಲವು ಕಡೆ ಜಾಗ ತಪ್ಪಿತು. ಮೇಷ್ಟ್ರು ಕನ್ನಡ ಮೇಷ್ಟ್ರಾದ್ದರಿಂದ ಇದು ಅವರಿಗೆ ಉತ್ತರ ಪತ್ರಿಕೆ ತಿದ್ದುವ ಕೆಲಸದಂತೆ ಹಿಡಿಸಿತು. ದಿನಕ್ಕೆ ಎರಡು ಕಡತ, ಮಧ್ಯಾಹ್ನ ಊಟದ ನಂತರ.

ನಿಜವಾದ ತಿರುವು ಬಂದದ್ದು ಜನವರಿಯಲ್ಲಿ. ಬೇರೆ ಯಾರದ್ದೋ ಮಿಂಟ್ ಯಂತ್ರದಲ್ಲಿ ಕೀಬೋರ್ಡ್ ಆಯ್ಕೆಗಳನ್ನು ನೋಡುತ್ತಿದ್ದೆ. ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಇತ್ತು. ಕೆಜಿಪಿ ಅಂದರೆ ಕನ್ನಡ ಗಣಕ ಪರಿಷತ್ತು, ನುಡಿ ಮಾಡಿದವರು. ನುಡಿಯಲ್ಲಿರುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯದೇ ವಿನ್ಯಾಸ. ಸೆಪ್ಟೆಂಬರಿನಲ್ಲಿ ನಾನು ಮೇಷ್ಟ್ರಿಗೆ ಹಾಕಿಕೊಟ್ಟದ್ದು ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ವಿನ್ಯಾಸ, ಪಟ್ಟಿಯಲ್ಲಿ ಮೊದಲು ಕಂಡದ್ದು. ಮೇಷ್ಟ್ರ ಕೀಲಿಮಣೆ ಅಲ್ಲೇ, ಸ್ವಲ್ಪ ಕೆಳಗೆ, ಇತ್ತು. ನಾನು ನೋಡಿರಲಿಲ್ಲ.

ಮಾರನೇ ದಿನವೇ ಪೆನ್ ಡ್ರೈವ್ ತಗೊಂಡು ಹೋದೆ. ಏನೂ ವಿವರಿಸದೆ, ಏನಾದರೂ ಟೈಪ್ ಮಾಡಿ ಸಾರ್ ಅಂದೆ. ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ಒತ್ತಕ್ಷರಕ್ಕೆ ಎಫ್. ಬೆರಳು ಓಡಿತು. ಅವರು ಪರದೆ ನೋಡಲಿಲ್ಲ, ನನ್ನ ಮುಖ ನೋಡುತ್ತಾ ನಾಲ್ಕು ಸಾಲು ಹೊಡೆದರು. 'ಮೊದಲೇ ಇದನ್ನ ಯಾಕೆ ಕೊಡಲಿಲ್ಲ?' ಅಂದರು. ಉತ್ತರ ಇರಲಿಲ್ಲ. ಈ ವಯಸ್ಸಿಗೆ ಲಿನಕ್ಸ್ ಆಗುವುದಿಲ್ಲ ಅಂತ ನಾವಿಬ್ಬರೂ ತೀರ್ಮಾನಿಸಿದ್ದೆವಲ್ಲ, ಅದಕ್ಕೆ ಅವರ ವಯಸ್ಸು ಕಾರಣ ಆಗಿರಲಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ನಾನು ಆರಿಸಿದ ಒಂದು ಸಾಲು ಕಾರಣ.

ಈಗ ನಾನು ಮಾಡುವ ಕ್ರಮ

ಈ ಕೇಸಿನ ನಂತರ, ಅಪ್‌ಗ್ರೇಡ್ ಮಾಡಬೇಕಾ ಅಂತ ಯಾರೇ ಬಂದರೂ ನಾನು ಮೊದಲು ಕೇಳುವುದು, ಇದರಲ್ಲಿ ಕಳೆದುಹೋದರೆ ಮತ್ತೆ ಸಿಗದಂಥದ್ದು ಏನಿದೆ ಅಂತ. ಅದರ ನಕಲು ತೆಗೆದ ಮೇಲೇ ಬೇರೆ ಮಾತು. ಆಮೇಲೆ ಡಿಸ್ಕಿನ ಆರೋಗ್ಯ, ಆಮೇಲೆ ಬ್ಯಾಟರಿ. ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇಲ್ಲದೆ ದೊಡ್ಡ ಅಪ್‌ಡೇಟ್ ಮುಟ್ಟುವುದಿಲ್ಲ. ಅದಾದ ಮೇಲೆ ಈಗ ಇರುವ ಆವೃತ್ತಿ ಯಾವುದು, ಕೊನೆಯ ಅಪ್‌ಡೇಟ್ ಬಂದದ್ದು ಯಾವಾಗ ಅಂತ ನೋಡುತ್ತೇನೆ. ವಿಂಡೋಸ್ 10 ಇದೆ ಅಂದ ಮಾತ್ರಕ್ಕೆ ಅದು 2025ರವರೆಗೆ ಸುರಕ್ಷಿತವಾಗಿತ್ತು ಅಂತ ಅಲ್ಲ. ಮೇಷ್ಟ್ರದ್ದರ ಹಾಗೆ ಯಾವಾಗಲೋ ನಿಂತುಹೋದದ್ದು ನನಗೆ ಆಮೇಲೂ ಮೂರು ಸಿಕ್ಕಿದವು.

ಮತ್ತೆ, ಪೆನ್ ಡ್ರೈವಿನಲ್ಲಿ ಪರೀಕ್ಷೆ ಮಾಡಿಸುವಾಗ ಬ್ರೌಸರ್ ತೆರೆದು ತೋರಿಸಿ ಆಯ್ತು ಅನ್ನುವುದಿಲ್ಲ. ಅವರು ವರ್ಷಗಟ್ಟಲೆ ಮಾಡುತ್ತಿರುವ ಕೆಲಸವನ್ನೇ, ಅವರದ್ದೇ ಕಡತದಲ್ಲಿ, ಅವರದ್ದೇ ಪ್ರಿಂಟರಿನಲ್ಲಿ ಮಾಡಿಸುತ್ತೇನೆ. ಎಲ್ಲಿ ನಿಲ್ಲುತ್ತಾರೋ ಅಲ್ಲಿ, ಇವರಿಗೆ ಆಗುವುದಿಲ್ಲ ಅಂದುಕೊಳ್ಳುವ ಮುಂಚೆ ನಾನು ಹಾಕಿದ್ದು ಸರಿಯಿದೆಯಾ ಅಂತ ನೋಡುತ್ತೇನೆ.

ಮೇಷ್ಟ್ರಿಗೆ ಆದದ್ದು ಎಲ್ಲರಿಗೂ ಹೊಂದುವುದಿಲ್ಲ. ಎಂಟನೇ ತಲೆಮಾರಿನ ಮೇಲಿನ ಯಂತ್ರವಾದರೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ 11ಕ್ಕೆ ಹೋಗಿ, ಮುಗಿಯಿತು. ಬರೀ ಬ್ರೌಸರ್ ಬಳಸುವವರಿಗೆ, ಹಳೇ ಕಡತಗಳ ಹೊರೆ ಇಲ್ಲದವರಿಗೆ, ನಾನು ಈಗ ನೇರವಾಗಿ ಮಿಂಟ್ ಹಾಕಿಕೊಡುತ್ತೇನೆ. ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ ಬಳಸುವ ಲೆಕ್ಕಪತ್ರದವರ ವಿಷಯ ಬೇರೆ, ಅವರಿಗೆ ವಿಂಡೋಸ್ ಬಿಡುವುದು ಕಷ್ಟ. ಅವರಲ್ಲಿ ಇಬ್ಬರಿಗೆ ಹೊಸ ಯಂತ್ರವನ್ನೇ ತಗೊಳ್ಳಿ ಅಂದಿದ್ದೇನೆ.

ಮೇಷ್ಟ್ರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 13ಕ್ಕೆ ಕೆಂಪು ಸುತ್ತು ಹಾಕಿದೆ. ಅದಕ್ಕೆ ಮುಂಚೆ ಮಿಂಟಿಗೆ ಹೋಗುವುದು ಅಂತ ಅವರೇ ನಿರ್ಧರಿಸಿದ್ದಾರೆ. ಪ್ರಿಂಟರಿನ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಬೇರೆ ಪ್ರಿಂಟರ್ ನೋಡಬೇಕಾಗಬಹುದು. ಸಂಘದ ವರದಿಗಳು ಇನ್ನೂ ಅರ್ಧ ಉಳಿದಿವೆ. ಹಾಡುಗಳು ಮಾತ್ರ ಮೊದಲೇ ಮುಗಿದವು, ಮೂವತ್ತೊಂದೂ. ಅದರಲ್ಲಿ ಒಂದು ಬೀಸುವ ಹಾಡನ್ನು ಮೇಷ್ಟ್ರು ಮಗಳಿಗೆ ಕಳಿಸಿದರು. ಮುಂಚೆ ಕಳಿಸಿದಾಗೆಲ್ಲ ಅವಳ ಫೋನಿನಲ್ಲಿ ಪೌಂಡ್ ಗುರುತು, ಗೀಟಿನ ಎ ಅಷ್ಟೇ ಕಾಣುತ್ತಿತ್ತು. ಈ ಸಲ ಅವಳು ಅದನ್ನು ಫೋನಿನಲ್ಲೇ ಓದಿ, ಮೂರನೇ ಸಾಲಿನಲ್ಲಿ ಒಂದು ಅರ್ಕಾವತ್ತು ತಪ್ಪಿದೆ ಅಪ್ಪಾ ಅಂತ ಬರೆದಳು. ಅವರು ಅದನ್ನು ಅವತ್ತೇ ತಿದ್ದಿದ್ದಾರೆ.